ಮಳೆಯ ವಿದ್ಯೆಯೂ ಸ್ತ್ರೀಯರ ಅಧಿಕಾರವೂ

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನಲ್ಲಿ ತೀರ್ಥ ಎಂಬುದೊಂದು ಗ್ರಾಮ. ಅಲ್ಲಿಯ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ೨೦೨೫ನೆಯ ಇಸವಿಯಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು ಇಕ್ವೇಟರ್ ಪ್ರಶಸ್ತಿಯನ್ನು ಕೊಟ್ಟರು. ಜಗತ್ತಿನ ನಾನಾ ದೇಶಗಳಿಂದ ಆರಿಸಲ್ಪಟ್ಟ ೧೦ ಸಂಘಗಳಲ್ಲಿ ಇದೂ ಒಂದು. ೨೦೧೮ರಲ್ಲಿ ೧೫ ಮಂದಿ ಸ್ತ್ರೀಯರು ಕೂಡಿ ಕಟ್ಟಿದ ಈ ಸಂಘವು ಸಿರಿಧಾನ್ಯಗಳ ಬೀಜವನ್ನು ಕೂಡಿಸಿಟ್ಟು ರೈತರಿಗೆ ಹಂಚಿತು. ಬಿಸಿಲಿನಿಂದ ಹುಟ್ಟುವ ವಿದ್ಯುತ್ತಿನ ಬಲದಿಂದ ನಡೆಯುವ ಯಂತ್ರವನ್ನು ಊರಿಗೆ ತಂದು, ಆ ಧಾನ್ಯವನ್ನು ಹಸನುಮಾಡುವ ಉದ್ಯೋಗವನ್ನು ತಾನೇ ವಹಿಸಿಕೊಂಡಿತು. ಸಹಜ ಸಮೃದ್ಧ ಮತ್ತು ಸೆಲ್ಕೋ ಪ್ರತಿಷ್ಠಾನದವರ ನೆರವು ಇದಕ್ಕೆ ಒದಗಿತು. ಈ ವಾರ್ತೆಯನ್ನು ಕೇಳಿ ಕನ್ನಡಿಗರೆಲ್ಲರಿಗೂ ಸಂತೋಷವಾಯಿತೆಂಬುದರಲ್ಲಿ ಸಂದೇಹವಿಲ್ಲ. ಪತ್ರಿಕೆಗಳು ಭಾವಚಿತ್ರಗಳನ್ನು ಅಚ್ಚುಮಾಡಿದವು, ಅಧಿಕಾರಿಗಳು ಅಭಿನಂದಿಸಿದರು. ಅಷ್ಟಾದ ಮೇಲೆ ಮುಂದೇನೆಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಅದನ್ನು ಕೇಳುವುದಕ್ಕಾಗಿಯೇ ನಾವು ಇಂದು ಲೇಖನಿಯನ್ನು ಹಿಡಿದಿದ್ದೇವೆ.

ಈ ಹೆಣ್ಣುಮಕ್ಕಳು ಮಾಡಿದ ಕಾರ್ಯದ ತೂಕವು ಪಟ್ಟಣವಾಸಿಗಳಿಗೆ ಒಮ್ಮೆಲೇ ತಿಳಿಯತಕ್ಕದ್ದಲ್ಲ. ಸಾವೆ, ನವಣೆ, ಬರಗು, ಊದಲು ಇವು ಕಡಿಮೆ ಮಳೆಯಲ್ಲಿಯೂ ಕೈಗೆ ಬರುವ ಬೆಳೆಗಳು. ಮಳೆಯ ನಡೆ ಕೆಟ್ಟಿರುವ ಈ ಕಾಲದಲ್ಲಿ ಒಣಬೇಸಾಯದ ರೈತನಿಗೆ ಇವಕ್ಕಿಂತ ಒಳ್ಳೆಯ ಆಸರೆಯಿಲ್ಲವೆಂದು ವಿದ್ವಾಂಸರು ಹೇಳುತ್ತಾರೆ. ಹಾಗಾದರೆ ಇವು ನಮ್ಮ ಹೊಲಗಳಿಂದ ಹಿಂದೆಗೆದದ್ದೇಕೆ? ಹತ್ತಿ, ಗೋವಿನಜೋಳಗಳ ದರವೂ ಪಡಿತರದ ಅಕ್ಕಿಯೂ ಕಾರಣಗಳೆಂಬುದು ನಿಜ. ಆದರೆ ಮತ್ತೊಂದು ಕಾರಣವನ್ನು ಗಂಡಸರು ಬರೆದ ವರದಿಗಳಲ್ಲಿ ನಾವು ಅಪರೂಪವಾಗಿ ಕಾಣುತ್ತೇವೆ. ಈ ಕಾಳುಗಳ ಸಿಪ್ಪೆ ಬಲು ಗಟ್ಟಿ. ಅದನ್ನು ಒರಳಿನಲ್ಲಿ ಒನಕೆಯಿಂದ ಕುಟ್ಟಿ, ಕೇರಿ, ಮತ್ತೆ ಕುಟ್ಟಿ ಅಕ್ಕಿ ಮಾಡಬೇಕಾಗಿದ್ದವಳು ಮನೆಯ ಹೆಂಗಸು. ಒಂದು ಹೊತ್ತಿನ ಅನ್ನಕ್ಕಾಗಿ ತಾಸುಗಟ್ಟಲೆ ತೋಳು ನೋಯಿಸಿಕೊಳ್ಳುವುದು ಯಾರಿಗೆ ಬೇಕು? ಗಿರಣಿಯ ನೆಲ್ಲಕ್ಕಿ ದೊರೆತ ಕೂಡಲೇ ಆಕೆ ಒನಕೆಯನ್ನು ಮೂಲೆಗಿಟ್ಟಳು, ಆಕೆಯ ಒನಕೆಯೊಡನೆ ಸಾವೆಯೂ ಮೂಲೆ ಸೇರಿತು. ಈಗ ಊರಿನಲ್ಲಿಯೇ ಯಂತ್ರವು ಕುಳಿತು, ಅದಕ್ಕೆ ಬಿಸಿಲೇ ಬಂಡವಾಳವಾಗಿ, ಕೀಲಿಯು ಹೆಂಗಸರ ಕೈಯಲ್ಲಿರುವುದರಿಂದ ಬೆಳೆಯು ಹೊಲಕ್ಕೆ ಮರಳಲು ದಾರಿಯಾಯಿತು. ತೊಡಕು ಎಲ್ಲಿದೆಯೆಂಬುದನ್ನು ತೋಳಿನ ನೋವಿನಿಂದ ಬಲ್ಲವರೇ ಪರಿಹಾರವನ್ನೂ ಕಂಡರು. ಹಿಂದೂ ಮುಸಲ್ಮಾನರೆಂಬ ಭೇದವೆಣಿಸದೆ ಬೀಜವು ಊರೂರಿಗೆ ಹರಡಿತೆಂಬುದನ್ನು ಇಂದಿನ ದಿನಗಳಲ್ಲಿ ಬಾಯಿಬಿಟ್ಟು ಹೇಳುವುದು ಅವಶ್ಯಕ.

ಹವೆಯ ವ್ಯತ್ಯಾಸವನ್ನು ಎದುರಿಸುವ ಈ ಬಗೆಯ ವಿದ್ಯೆಯಲ್ಲಿ ಸ್ತ್ರೀಯರು ಮುಂದಾಳುಗಳಾಗುವುದು ಹೊಸದೆಂದು ತಿಳಿಯುವವರಿದ್ದಾರೆ. ಅದು ತಪ್ಪು. ಮಳೆಯನ್ನು ಅಳೆಯುವ ಕ್ರಮವು ಈ ದೇಶಕ್ಕೆ ಪುರಾತನವಾದುದು. ಕೋಷ್ಠಾಗಾರದಲ್ಲಿ ಒಂದು ಅರತ್ನಿ ಅಗಲದ ಬಾಯುಳ್ಳ ಕುಂಡವನ್ನಿಟ್ಟು ಮಳೆಯನ್ನು ಅಳೆಯಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಯುಗಾದಿಯ ದಿವಸ ಪಂಚಾಂಗವನ್ನು ಓದಿ ಇಷ್ಟು ಆಢಕ ಮಳೆಯೆಂದು ಹೇಳುವುದನ್ನು ನಾವೆಲ್ಲರೂ ಕೇಳಿದ್ದೇವೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಮಾತು ಇಂದಿಗೂ ರೈತರ ಬಾಯಲ್ಲಿದೆ. ಇಷ್ಟು ಅಭಿಮಾನದ ಪರಂಪರೆಯಿದ್ದೂ, ದೇಶವು ಸ್ವತಂತ್ರವಾದ ಸಮಯಕ್ಕೆ ಹವೆಯನ್ನು ಅಳೆಯುವ ಸಾಮಾನ್ಯ ಉಪಕರಣಗಳಿಗೂ ನಾವು ಪರದೇಶಗಳ ಮುಖವನ್ನು ನೋಡಬೇಕಾಗಿತ್ತು. ಆ ದೈನ್ಯವನ್ನು ನೀಗಿಸಿದವರಲ್ಲಿ ಅಗ್ರಗಣ್ಯರು ಒಬ್ಬ ಸ್ತ್ರೀ. ಅವರ ಹೆಸರು ಅಣ್ಣಾ ಮಣಿ.

೧೯೧೮ರಲ್ಲಿ ತಿರುವಾಂಕೂರಿನ ಪೀರುಮೇಡಿನಲ್ಲಿ ಹುಟ್ಟಿದ ಈ ಮಹಿಳೆಯು ಎಳೆವಯಸ್ಸಿನಲ್ಲಿಯೇ ಗಾಂಧೀಜಿಯವರ ಪ್ರಭಾವಕ್ಕೆ ಒಳಗಾಗಿ ಖಾದಿಯನ್ನು ಧರಿಸಿದವರು. ೧೯೪೦ರಲ್ಲಿ ವಿದ್ಯಾರ್ಥಿವೇತನವನ್ನು ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದು, ಸರ್ ಸಿ. ವಿ. ರಾಮನ್ ಅವರ ಪ್ರಯೋಗಶಾಲೆಯಲ್ಲಿ ವಜ್ರ ಮಾಣಿಕ್ಯಗಳ ಬೆಳಕಿನ ಗುಣಗಳನ್ನು ಕುರಿತು ೫ ಪ್ರಬಂಧಗಳನ್ನು ಬರೆದರು. ಡಾಕ್ಟರ್ ಪದವಿಗಾಗಿ ಮಹಾಪ್ರಬಂಧವನ್ನೂ ಒಪ್ಪಿಸಿದರು. ಎಂ. ಎಸ್‌ಸಿ. ಪದವಿಯಿಲ್ಲವೆಂಬ ಕಾರಣವನ್ನು ಮುಂದೊಡ್ಡಿ ವಿಶ್ವವಿದ್ಯಾನಿಲಯದವರು ಅದನ್ನು ನಿರಾಕರಿಸಿದರು. ಆ ಮಹಾಪ್ರಬಂಧವು ರಾಮನ್ ಸಂಶೋಧನಾ ಮಂದಿರದ ಪುಸ್ತಕಭಂಡಾರದಲ್ಲಿ ಉಳಿಯಿತು. ಅದನ್ನು ಬರೆದವರು ಡಾಕ್ಟರರೆನಿಸಲೇ ಇಲ್ಲ. ಭೌತವಿಜ್ಞಾನವನ್ನೇ ಮುಂದುವರಿಸಬೇಕೆಂದು ಅವರ ಇಚ್ಛೆಯಿದ್ದಾಗ್ಯೂ ಆಗ ದೊರೆತ ವೇತನವು ಹವಾಮಾನದ ಉಪಕರಣಗಳ ಅಭ್ಯಾಸಕ್ಕೆ ಮೀಸಲಾದದ್ದು. ೧೯೪೫ರಲ್ಲಿ ಲಂಡನ್ನಿಗೆ ಹೋಗಿ ಅದನ್ನೇ ಕಲಿತರು. ೧೯೪೮ರಲ್ಲಿ ಸ್ವತಂತ್ರ ಭಾರತಕ್ಕೆ ಹಿಂತಿರುಗಿ ಪುಣೆಯಲ್ಲಿ ಹವಾಮಾನ ಇಲಾಖೆಯನ್ನು ಸೇರಿದರು.

ಅಲ್ಲಿ ಅವರು ಮಾಡಿದ ಕೆಲಸವು ಸಭೆಗಳಲ್ಲಿ ವರ್ಣಿಸತಕ್ಕ ಬಗೆಯದಲ್ಲ. ಸುಮಾರು ೧೦೦ ಬಗೆಯ ಉಪಕರಣಗಳಿಗೆ ನಕ್ಷೆಗಳನ್ನು ಬರೆಯಿಸಿ, ಒಂದೊಂದಕ್ಕೂ ಮಾನವನ್ನು ಗೊತ್ತುಮಾಡಿ, ನಮ್ಮ ಕಾರ್ಖಾನೆಗಳಲ್ಲಿಯೇ ತಯಾರಿಸುವಂತೆ ಏರ್ಪಾಡು ಮಾಡಿದರು. ತಪ್ಪು ಅಳತೆಯು ಅಳತೆಯೇ ಇಲ್ಲದಿರುವುದಕ್ಕಿಂತ ಕೇಡೆಂಬುದು ಅವರ ನಿಶ್ಚಯವಾಗಿತ್ತು. ೧೯೫೭-೫೮ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ದೇಶದ ಉದ್ದಗಲಕ್ಕೂ ಬಿಸಿಲನ್ನು ಅಳೆಯುವ ಠಾಣೆಗಳನ್ನು ನಿಲ್ಲಿಸಿದರು. ಉಪಮಹಾನಿರ್ದೇಶಕರಾಗಿ ೧೯೭೬ರಲ್ಲಿ ನಿವೃತ್ತರಾದ ಮೇಲೆ ಬೆಂಗಳೂರಿಗೆ ಬಂದು, ಗಾಳಿ ಬಿಸಿಲುಗಳನ್ನು ಅಳೆಯುವ ಉಪಕರಣಗಳಿಗಾಗಿ ಒಂದು ಕಿರು ಕಾರ್ಖಾನೆಯನ್ನು ಹೂಡಿದರು. ೧೯೮೦-೮೧ರಲ್ಲಿ ಭಾರತದ ಸೂರ್ಯಪ್ರಕಾಶದ ಅಂಕಿಗಳುಳ್ಳ ಅವರ ಎರಡು ಗ್ರಂಥಗಳು ಹೊರಬಿದ್ದವು. ಇಂದು ಯಾವ ಊರಿನಲ್ಲಿ ಎಷ್ಟು ಬಿಸಿಲು ಬೀಳುತ್ತದೆ, ಎಷ್ಟು ಹಲಗೆಗಳನ್ನು ಹಾಸಿದರೆ ಪಂಪು ನೀರೆತ್ತುತ್ತದೆ, ಗಿರಣಿ ತಿರುಗುತ್ತದೆ ಎಂದು ಲೆಕ್ಕ ಹಾಕುವವರಿಗೆ ಈ ದೇಶದಲ್ಲಿ ಮೊದಲು ದಾರಿಮಾಡಿದ್ದು ಅವರ ಅಂಕಿಗಳು. ತೀರ್ಥದ ಯಂತ್ರಕ್ಕೂ ಪುಣೆಯ ಆ ಪ್ರಯೋಗಶಾಲೆಗೂ ಇರುವ ಈ ನಂಟನ್ನು ನಮ್ಮ ಶಾಲಾಪುಸ್ತಕಗಳಲ್ಲಿ ಕಾಣಿಸಿದರೆ ಒಳಿತು.

ಎರಡನೆಯ ನಿದರ್ಶನವು ನಮಗೆ ಇನ್ನೂ ಹತ್ತಿರದ್ದು. ೨೦೨೫ರ ಜುಲೈ ತಿಂಗಳಲ್ಲಿ ದಿವಂಗತರಾದ ಸುಲೋಚನಾ ಗಾಡಗೀಳರು ಹಾರ್ವರ್ಡಿನಲ್ಲಿ ಗಣಿತವನ್ನು ಓದಿ ಬಂದು, ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಮುಂಗಾರನ್ನು ಕುರಿತು ದಶಕಗಳ ಕಾಲ ಸಂಶೋಧನೆ ನಡೆಸಿದರು. ಅಲ್ಲಿ ವಾಯುಮಂಡಲದ ವಿದ್ಯೆಗೆ ಪ್ರತ್ಯೇಕ ಕೇಂದ್ರವು ಸ್ಥಾಪಿತವಾಗುವುದರಲ್ಲಿ ಪ್ರಮುಖರು. ಇಷ್ಟೇ ಆಗಿದ್ದರೆ ದೊಡ್ಡ ವಿದುಷಿಯೆಂದು ಕೈಮುಗಿದು ಸುಮ್ಮನಾಗಬಹುದಾಗಿತ್ತು. ಆದರೆ ಅವರು ಪಾವಗಡದ ಸೀಮೆಯ ಶೇಂಗಾ ಬೆಳೆಯುವ ರೈತರ ಹೊಲಗಳಿಗೆ ವಿದ್ಯೆಯನ್ನು ಒಯ್ದರು. ಯಾವ ವಾರದಲ್ಲಿ ಬಿತ್ತಿದರೆ ನಷ್ಟದ ಭಯ ಕಡಿಮೆ, ಯಾವ ಹಂತದಲ್ಲಿ ಮಳೆ ಕೈಕೊಟ್ಟರೆ ಕಾಯಿ ಕಟ್ಟುವುದಿಲ್ಲ ಎಂಬೀ ಪ್ರಶ್ನೆಗಳನ್ನು ಸಂಗಡಿಗರೊಡನೆ ಹಳೆಯ ಮಳೆಯ ಲೆಕ್ಕಗಳಿಗೆ ಹಚ್ಚಿ ಪರಿಶೀಲಿಸಿದರು. ಪ್ರಶ್ನೆಯು ರೈತನದಾಗಿರಬೇಕು, ಲೆಕ್ಕವು ಪಂಡಿತನದಾಗಿರಬೇಕು ಎಂಬ ಪದ್ಧತಿಯಿದು. ೨೦೦೬ರಲ್ಲಿ ಅವರೂ ಅವರ ಪುತ್ರರೂ ಬರೆದ ಪ್ರಬಂಧದಲ್ಲಿ, ತೀವ್ರ ಬರಗಾಲವು ಬಿದ್ದ ವರ್ಷ ರಾಷ್ಟ್ರದ ಒಟ್ಟು ಉತ್ಪತ್ತಿಯಲ್ಲಿ ನೂರಕ್ಕೆ ೨ರಿಂದ ೫ರಷ್ಟು ನಷ್ಟವಾಗುತ್ತದೆಂದೂ, ಒಟ್ಟು ಉತ್ಪತ್ತಿಯಲ್ಲಿ ಕೃಷಿಯ ಪಾಲು ಎಷ್ಟೋ ಇಳಿದಿದ್ದರೂ ಈ ನಷ್ಟ ಇಳಿದಿಲ್ಲವೆಂದೂ ತೋರಿಸಿದರು. ೧೯೮೦ರ ಈಚೆಗೆ ಒಳ್ಳೆಯ ಮಳೆಯ ವರ್ಷದ ಲಾಭವು ಕೆಟ್ಟ ವರ್ಷದ ನಷ್ಟವನ್ನು ತುಂಬುವಷ್ಟಿಲ್ಲವೆಂಬುದೂ ಅವರ ನಿರ್ಣಯ. ಕೃಷಿಯು ಹಳ್ಳಿಯವರ ಚಿಂತೆ, ನಮಗೇನು ಎಂದು ಕಚೇರಿಯಲ್ಲಿ ಕುಳಿತು ಹೇಳುವ ಮಹನೀಯರು ಈ ಅಂಕಿಗಳನ್ನು ಒಮ್ಮೆ ಓದತಕ್ಕದ್ದು.

ಇನ್ನು ಸರಕಾರದವರ ಪ್ರಯತ್ನವನ್ನು ನೋಡೋಣ. ಕೇಂದ್ರ ಸರಕಾರವು ೨೦೨೩ರಲ್ಲಿ ನಮೋ ಡ್ರೋನ್ ದೀದಿ ಎಂಬ ಯೋಜನೆಯನ್ನು ಸಾರಿ, ೨೦೨೩-೨೪ರಿಂದ ೨೦೨೫-೨೬ರ ಅವಧಿಗೆ ೧,೨೬೧ ಕೋಟಿ ರೂಪಾಯಿಗಳನ್ನು ಗೊತ್ತುಮಾಡಿ, ೧೫,೦೦೦ ಸ್ತ್ರೀ ಸಂಘಗಳಿಗೆ ಗೊಬ್ಬರ ಔಷಧಿಗಳನ್ನು ಸಿಂಪಡಿಸುವ ಡ್ರೋನುಗಳನ್ನು ಒದಗಿಸಬೇಕೆಂದು ನಿಶ್ಚಯಿಸಿತು. ಬೆಲೆಯಲ್ಲಿ ನೂರಕ್ಕೆ ೮೦, ಹೆಚ್ಚೆಂದರೆ ೮ ಲಕ್ಷ ರೂಪಾಯಿ, ಸಹಾಯಧನ. ಸಂಘದ ಒಬ್ಬ ಸದಸ್ಯೆಗೆ ೧೫ ದಿವಸಗಳ ಶಿಕ್ಷಣ. ಇದಲ್ಲದೆ ಕೃಷಿ ಸಖಿಯೆಂಬ ಹೆಸರಿನಿಂದ ಗ್ರಾಮದ ಸ್ತ್ರೀಯರನ್ನು ೫೬ ದಿವಸ ತರಬೇತುಗೊಳಿಸಿ, ಮಣ್ಣು, ಬೀಜ, ಗೊಬ್ಬರಗಳ ವಿಷಯದಲ್ಲಿ ರೈತರಿಗೆ ಸಲಹೆ ಹೇಳಲು ನೇಮಿಸುವ ಏರ್ಪಾಡೂ ಇದೆ. ೨೦೨೪ರ ಜೂನ್ ತಿಂಗಳಲ್ಲಿ ಕಾಶಿಯಲ್ಲಿ ಪ್ರಧಾನಮಂತ್ರಿಗಳು ೩೦,೦೦೦ಕ್ಕೂ ಮಿಕ್ಕ ಸಖಿಯರಿಗೆ ಪ್ರಮಾಣಪತ್ರಗಳನ್ನು ಕೊಟ್ಟರು. ಈ ಉದ್ದೇಶವು ಸ್ತುತ್ಯವೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಹಳ್ಳಿಯ ಸೊಸೆಯೊಬ್ಬಳು ಹೊಲದ ಬದುವಿನ ಮೇಲೆ ನಿಂತು ಆಕಾಶದಲ್ಲಿ ಯಂತ್ರವನ್ನಾಡಿಸುವುದು ಸಾಮಾನ್ಯ ಸಂಗತಿಯಲ್ಲ.

ಆದರೆ ಹೆಸರುಗಳನ್ನು ವಾಚಕರು ಗಮನಿಸಬೇಕೆಂದು ಪ್ರಾರ್ಥಿಸುತ್ತೇವೆ. ಗಂಡಸು ಡ್ರೋನನ್ನು ಹಾರಿಸಿದರೆ ಪೈಲಟ್ ಎನ್ನುತ್ತಾರೆ. ಹೆಂಗಸು ಹಾರಿಸಿದರೆ ದೀದಿ. ಗಂಡಸು ಬೇಸಾಯದ ಸಲಹೆ ಹೇಳಿದರೆ ಅಧಿಕಾರಿ. ಹೆಂಗಸು ಹೇಳಿದರೆ ಸಖಿ. ಅಕ್ಕ ಎಂದು ಕರೆಯುವುದು ನಮ್ಮ ನಾಡಿನಲ್ಲಿ ಗೌರವದ ಮಾತೇ ಸರಿ. ಪರಂತು ಅಕ್ಕನಿಗೆ ಸಂಬಳದ ಶ್ರೇಣಿಯಿಲ್ಲ, ಬಡ್ತಿಯಿಲ್ಲ, ಹೆರಿಗೆಯ ರಜೆಯಿಲ್ಲ, ನಿವೃತ್ತಿ ವೇತನವಿಲ್ಲ. ಸರಕಾರದವರೇ ಹೇಳಿಕೊಂಡಂತೆ ಕೃಷಿ ಸಖಿಗೆ ವರ್ಷವೊಂದಕ್ಕೆ ೬೦ರಿಂದ ೮೦ ಸಾವಿರ ರೂಪಾಯಿ ದೊರೆಯಬಹುದಂತೆ. ಎಂದರೆ ತಿಂಗಳಿಗೆ ೫ರಿಂದ ೭ ಸಾವಿರದೊಳಗೆ. ಡ್ರೋನಿನಿಂದ ಸಂಘಕ್ಕೆ ವರ್ಷಕ್ಕೆ ಒಂದು ಲಕ್ಷದಷ್ಟು ಆದಾಯವೆಂದು ಯೋಜನೆಯಲ್ಲಿ ಎಣಿಸಿದ್ದಾರೆ. ಸಂಘದ ಸದಸ್ಯೆಯರೆಷ್ಟು, ಬ್ಯಾಟರಿಯು ಕೆಲವೇ ನಿಮಿಷಗಳಲ್ಲಿ ಬರಿದಾದರೆ ಬೇರೆ ಬ್ಯಾಟರಿಗಳಿಗೆ ಹಣವೆಷ್ಟು, ಯಂತ್ರವನ್ನು ಊರಿಂದೂರಿಗೆ ಸಾಗಿಸುವ ಗಾಡಿಯ ಬಾಡಿಗೆಯೆಷ್ಟು, ರೆಕ್ಕೆ ಮುರಿದರೆ ಸರಿಮಾಡುವವರು ಯಾವ ಪಟ್ಟಣದಲ್ಲಿದ್ದಾರೆ? ಹದಿನೈದು ದಿವಸಗಳಲ್ಲಿ ಹಾರಿಸುವುದನ್ನು ಕಲಿಯಬಹುದು. ಬಿಚ್ಚಿ ಜೋಡಿಸುವ ವಿದ್ಯೆಯನ್ನು ಕಲಿಯಲಾಗದು. ಅಣ್ಣಾ ಮಣಿಯವರು ಉಪಕರಣಗಳನ್ನು ಬರಿದೆ ಉಪಯೋಗಿಸಲು ಕಲಿತು ಬಂದಿದ್ದರೆ ನಾವು ಇಂದಿಗೂ ಹಡಗಿನ ದಾರಿಯನ್ನೇ ಕಾಯುತ್ತಿದ್ದೆವು. ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಸೌರಯಂತ್ರಗಳ, ಡ್ರೋನುಗಳ, ಮಳೆಮಾಪಕಗಳ ದುರಸ್ತಿಯನ್ನು ಹಳ್ಳಿಯ ಹೆಣ್ಣುಮಕ್ಕಳಿಗೆ ಒಂದು ವರ್ಷದ ಕ್ರಮವಾದ ಪಾಠವಾಗಿ, ವಸತಿಯೊಡನೆ, ಏಕೆ ಕಲಿಸಬಾರದು? ನಮ್ಮ ರಾಜ್ಯದಲ್ಲಿ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಮಿಕ್ಕು ದೂರಮಾಪಕ ಮಳೆಯಂತ್ರಗಳನ್ನು ನಿಲ್ಲಿಸಿದ್ದಾರೆ. ಅವುಗಳ ಮೇಲ್ವಿಚಾರಣೆಯೊಂದೇ ನೂರಾರು ಜನರಿಗೆ ಉದ್ಯೋಗವಾಗತಕ್ಕದ್ದು.

ಉದ್ಯೋಗದ ಮಾತು ಬಂದಿರುವುದರಿಂದ ಒಂದು ವಿಷಾದಕರ ಸಂಗತಿಯನ್ನು ಹೇಳದೆ ವಿಧಿಯಿಲ್ಲ. ತಾಲೂಕಿನ ಮಟ್ಟಕ್ಕೆ ಮಳೆಯ ಮುನ್ಸೂಚನೆಯನ್ನೂ ಬೇಸಾಯದ ಸಲಹೆಯನ್ನೂ ಮುಟ್ಟಿಸಬೇಕೆಂದು ಹವಾಮಾನ ಇಲಾಖೆಯವರು ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ೧೯೯ ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು ತೆರೆದಿದ್ದರು. ಘಟಕಕ್ಕೊಬ್ಬ ತಜ್ಞರು, ಒಬ್ಬ ವೀಕ್ಷಕರು. ೨೦೨೪ರ ಜನವರಿಯಲ್ಲಿ ಆಜ್ಞೆ ಹೊರಟಿತು, ಮಾರ್ಚಿ ತಿಂಗಳ ಕೊನೆಗೆ ಅವೆಲ್ಲ ಮುಚ್ಚಬೇಕೆಂದು. ಅಂಕಿಗಳನ್ನು ಯಂತ್ರವೇ ಕಳುಹಿಸುವಾಗ ಮನುಷ್ಯರೇಕೆ ಎಂಬ ವಾದವನ್ನು ಹೂಡಿದರೆಂದು ವರದಿಯಾಯಿತು. ಅಂಕಿಯನ್ನು ಯಂತ್ರ ಕಳುಹಿಸಬಹುದು. ನಾಳೆ ಸಂಜೆ ಮಳೆಯಿದೆ, ಇಂದು ಔಷಧಿ ಹೊಡೆಯಬೇಡಿರಿ ಎಂದು ಕುಂದಗೋಳದ ರೈತನಿಗೆ ಕುಂದಗೋಳದ ಕನ್ನಡದಲ್ಲಿ ಹೇಳುವವರು ಬೇಡವೆ? ಪುನಃ ತೆರೆಯುವ ಮಾತು ಆ ಬಳಿಕ ಕೇಳಿಬಂದಿದೆಯಾದರೂ, ಇಂಥ ತೂಗುಯ್ಯಾಲೆಯ ಹುದ್ದೆಯನ್ನು ನಂಬಿ ಯಾವ ತಂದೆ ತನ್ನ ಮಗಳನ್ನು ಕೃಷಿ ಹವಾಮಾನದ ಸ್ನಾತಕೋತ್ತರ ಪದವಿಗೆ ಕಳುಹಿಸಬೇಕು? ಹೆಣ್ಣುಮಕ್ಕಳು ವಿಜ್ಞಾನವನ್ನು ಓದುವುದಿಲ್ಲವೆಂಬ ದೂರು ಈಗ ನಡೆಯಲಾರದು. ಕೃಷಿ ವಿಶ್ವವಿದ್ಯಾನಿಲಯಗಳ ಘಟಿಕೋತ್ಸವಗಳಲ್ಲಿ ಚಿನ್ನದ ಪದಕಗಳನ್ನು ಕೊರಳ ತುಂಬ ಹಾಕಿಕೊಂಡು ನಿಲ್ಲುವವರು ಯಾರೆಂಬುದನ್ನು ನಾವು ವರ್ಷವರ್ಷವೂ ಅಚ್ಚುಮಾಡುತ್ತಿದ್ದೇವೆ. ಆ ಪದಕಗಳು ಐದು ವರ್ಷಗಳ ಮೇಲೆ ಯಾವ ಪೆಟ್ಟಿಗೆಯ ತಳದಲ್ಲಿವೆಯೆಂದು ವಿಚಾರಿಸಲು ನಮ್ಮ ಬಾತ್ಮೀದಾರರನ್ನು ಕಳುಹಿಸಿಲ್ಲದಿರುವುದು ನಮ್ಮದೇ ತಪ್ಪು.

ಹೊಲಗೆಲಸದ ಹುದ್ದೆಗೆ ತಿರುಗಾಟ ಬಹಳ, ಸಂಸಾರಸ್ಥ ಸ್ತ್ರೀಯರಿಗೆ ಒಗ್ಗದು ಎಂದು ಕೆಲವರು ಅಧಿಕಾರಿಗಳು ನಮ್ಮೊಡನೆ ಖಾಸಗಿಯಾಗಿ ಹೇಳಿದ್ದುಂಟು. ಅದೇ ಹೊಲದಲ್ಲಿ ಸೂರ್ಯೋದಯದಿಂದ ಬಗ್ಗಿ ಕಳೆ ಕೀಳುವವಳು ಸಂಸಾರಸ್ಥಳಲ್ಲವೆ? ರೈತ ಸಂಪರ್ಕ ಕೇಂದ್ರದಲ್ಲಿ ಒಂದು ಶೌಚಗೃಹ, ತಿರುಗಾಡಲು ಒಂದು ವಾಹನ, ಗಂಡಹೆಂಡಿರಿಗೆ ಒಂದೇ ಜಿಲ್ಲೆಯಲ್ಲಿ ನೇಮಕ, ಇಷ್ಟನ್ನು ಮಾಡಿಕೊಟ್ಟು ಆಮೇಲೆ ಈ ಆಕ್ಷೇಪಣೆಯನ್ನು ಎತ್ತಿದರೆ ನಾವು ಕೇಳಲು ಸಿದ್ಧರಿದ್ದೇವೆ.

ಇದೆಲ್ಲಕ್ಕಿಂತ ಆಳದ ತೊಡಕು ಉತಾರದಲ್ಲಿದೆ. ಹಳೆಯ ಮೈಸೂರಿನ ವಾಚಕರಿಗೆ ಪಹಣಿಯೆಂದರೆ ತಿಳಿಯುವುದು. ಹಳ್ಳಿಗಳಲ್ಲಿ ದುಡಿಯುವ ಸ್ತ್ರೀಯರಲ್ಲಿ ನಾಲ್ವರಲ್ಲಿ ಮೂವರು ಬೇಸಾಯದಲ್ಲಿಯೇ ಇರುವರೆಂದು ಸರಕಾರದ ಗಣತಿಗಳು ಹೇಳುತ್ತವೆ. ಆದರೆ ೨೦೧೫-೧೬ರ ಕೃಷಿ ಗಣತಿಯಂತೆ ದೇಶದ ಹಿಡುವಳಿಗಳಲ್ಲಿ ಸ್ತ್ರೀಯರ ಹೆಸರಿನಲ್ಲಿದ್ದವು ನೂರಕ್ಕೆ ೧೪ ಮಾತ್ರ. ವಿಸ್ತೀರ್ಣದಲ್ಲಿ ೧೨ಕ್ಕೂ ಕಡಿಮೆ. ಮಗಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿಯನ್ನು ಕೇಂದ್ರವು ೨೦೦೫ರಲ್ಲಿ ಮಾಡುವುದಕ್ಕಿಂತ ಮುಂಚೆ, ೧೯೯೪ರಲ್ಲಿಯೇ, ಕರ್ನಾಟಕವು ಮಾಡಿತೆಂಬುದು ನಮ್ಮ ಹೆಮ್ಮೆ. ಕಾನೂನು ಬಂದು ಮೂರು ದಶಕಗಳು ಕಳೆದರೂ ತವರಿನ ಮನಸ್ತಾಪಕ್ಕೆ ಅಂಜಿ ಹಕ್ಕುಬಿಡುಗಡೆಯ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರು ಉಪನೋಂದಣಿ ಕಚೇರಿಗಳಲ್ಲಿ ನಿತ್ಯವೂ ಕಾಣಸಿಗುತ್ತಾರೆ. ಫಲವೇನು? ಸೌರ ಪಂಪಿಗೆ ಸಹಾಯಧನ, ಹನಿನೀರಾವರಿ, ಕೃಷಿಹೊಂಡ, ಬೆಳೆವಿಮೆ, ಬ್ಯಾಂಕಿನ ಸಾಲ, ಫ್ರೂಟ್ಸ್ ಎಂಬ ನೋಂದಣಿಯ ಸಂಖ್ಯೆ, ಎಲ್ಲವೂ ಉತಾರದ ಬೆನ್ನುಹತ್ತಿ ಹೋಗುತ್ತವೆ. ಗಂಡನು ಬೆಂಗಳೂರಿಗೋ ಗೋವೆಗೋ ದುಡಿಯಲು ಹೋಗಿ, ಹೊಲವನ್ನು ಪೂರ್ತಿಯಾಗಿ ನಡೆಸುತ್ತಿರುವ ಹೆಂಡತಿಯು ಸರಕಾರದ ದೃಷ್ಟಿಯಲ್ಲಿ ರೈತಳಲ್ಲ. ಆಕೆಗೆ ಎಷ್ಟು ಒಳ್ಳೆಯ ಯಂತ್ರವನ್ನು ತೋರಿಸಿದರೇನು, ಅದನ್ನು ಕೊಳ್ಳುವ ಅರ್ಜಿಯ ಮೇಲೆ ಆಕೆಯ ಸಹಿಗೆ ಬೆಲೆಯಿಲ್ಲ.

ಇದಕ್ಕೆ ಮದ್ದನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಡಾಕ್ಟರ್ ಎಂ. ಎಸ್. ಸ್ವಾಮಿನಾಥನ್ನರು ರಾಜ್ಯಸಭೆಯ ಸದಸ್ಯರಾಗಿದ್ದಾಗ, ೨೦೧೨ರಲ್ಲಿ, ಮಹಿಳಾ ಕೃಷಿಕರ ಹಕ್ಕುಗಳ ಮಸೂದೆಯೊಂದನ್ನು ಖಾಸಗಿಯಾಗಿ ಮಂಡಿಸಿದರು. ಭೂಮಿಯು ಯಾರ ಹೆಸರಿನಲ್ಲಿದ್ದರೂ ಬೇಸಾಯ ಮಾಡುವವಳಿಗೆ ಗ್ರಾಮಸಭೆಯ ಒಪ್ಪಿಗೆಯಿಂದ ಪಂಚಾಯಿತಿಯು ಕೃಷಿಕಳೆಂಬ ಪ್ರಮಾಣಪತ್ರವನ್ನು ಕೊಡಬೇಕು, ಅದರ ಆಧಾರದ ಮೇಲೆ ಸಾಲ, ನೀರು, ಶಿಕ್ಷಣ, ಯಂತ್ರಗಳ ಸೌಲಭ್ಯ ಸಲ್ಲಬೇಕು ಎಂಬುದು ಅದರ ಸಾರ. ಅದು ಚರ್ಚೆಗೇ ಬಾರದೆ ೨೦೧೩ರಲ್ಲಿ ಬಿದ್ದುಹೋಯಿತು. ಸಂಯುಕ್ತ ರಾಷ್ಟ್ರಗಳ ಮಹಾಸಭೆಯು ೨೦೨೬ನೆಯ ಇಸವಿಯನ್ನು ಮಹಿಳಾ ಕೃಷಿಕರ ಅಂತರರಾಷ್ಟ್ರೀಯ ವರ್ಷವೆಂದು ಸಾರಿದೆ. ವೇದಿಕೆಗಳು ಏಳುವುದಕ್ಕೂ ಶಾಲುಗಳು ಹೊದಿಸಲ್ಪಡುವುದಕ್ಕೂ ಇಷ್ಟು ಸಾಕು. ಕೃಷಿಯು ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯ. ದೆಹಲಿಯವರನ್ನು ಕಾಯದೆ ಬೆಂಗಳೂರಿನ ವಿಧಾನಸಭೆಯೇ ಈ ಮಸೂದೆಯನ್ನು ಕೈಗೆತ್ತಿಕೊಳ್ಳಬಹುದು. ೧೯೯೪ರಲ್ಲಿ ಮುಂದೆ ನಡೆದವರು ಈಗ ಹಿಂದೆ ನಿಲ್ಲತಕ್ಕ ಕಾರಣವಿಲ್ಲ.

ಧಾರವಾಡ ಜಿಲ್ಲೆಯ ಶಾಸಕ ಮಹಾಶಯರಲ್ಲಿ ನಮ್ಮದೊಂದು ವಿಜ್ಞಾಪನೆ. ಮುಂದಿನ ಅಧಿವೇಶನದಲ್ಲಿ ಅವರು ಕೃಷಿ ಸಚಿವರಿಗೆ ಮೂರು ಪ್ರಶ್ನೆಗಳನ್ನು ಲಿಖಿತವಾಗಿ ಹಾಕಲಿ: ಕಳೆದ ಐದು ವರ್ಷಗಳಲ್ಲಿ ಜಿಲ್ಲೆಯಲ್ಲಿ ಸೌರ ಪಂಪು ಮತ್ತು ಕೃಷಿಹೊಂಡಗಳ ಸಹಾಯಧನವು ಎಷ್ಟು ಮಂದಿ ಸ್ತ್ರೀಯರ ಹೆಸರಿಗೆ ಸಂದಿದೆ, ಸಂಘಗಳಿಗೆ ಕೊಟ್ಟ ಡ್ರೋನುಗಳಲ್ಲಿ ಇಂದು ಹಾರುವ ಸ್ಥಿತಿಯಲ್ಲಿರುವುವೆಷ್ಟು, ರೈತ ಸಂಪರ್ಕ ಕೇಂದ್ರಗಳಲ್ಲಿ ಖಾಯಂ ಹುದ್ದೆಯ ಮೇಲಿರುವ ಸ್ತ್ರೀ ಅಧಿಕಾರಿಗಳೆಷ್ಟು. ಉತ್ತರವು ಬಂದ ದಿವಸ ಅದನ್ನು ಒಂದಕ್ಷರವೂ ಬಿಡದೆ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.